ಟಿಕೆಟ್ ಇಲ್ಲ ಅಂತಾರೆ, ಒಳಗೆ ಹೋಗಬಹುದಾ?

ಪ್ರಶ್ನೆ: ಮಗಳ ಬಾಣಂತನಕ್ಕೆ ಬಾಸ್ಟನ್‌ಗೆ ಬಂದಿದ್ದೇನೆ. ಭಾನುವಾರ ಬೆಳಿಗ್ಗೆ ನ್ಯೂಬರಿ ಸ್ಟ್ರೀಟ್‌ನಲ್ಲಿ ನಡೆದು ಹೋಗುವಾಗ ಎಮ್ಯಾನುಯೆಲ್ ಚರ್ಚಿನೊಳಗಿಂದ ಪಿಟೀಲು, ಕೋರಸ್ ಎಲ್ಲ ಕೇಳಿಸಿತು. ಬಾಗಿಲಲ್ಲೇ ನಿಂತು ಕೇಳಿ ಬಂದೆ. ಟಿಕೆಟ್ ಇಲ್ಲವಂತೆ. ನಾನು ಕ್ರೈಸ್ತಳಲ್ಲ, ಆ ಭಾಷೆಯೂ ಬರದು. ಒಳಗೆ ಹೋಗಿ ಕೂರಬಹುದಾ? ಇಷ್ಟೆಲ್ಲ ಕಲಾವಿದರಿಗೆ ದುಡ್ಡು ಯಾರು ಕೊಡ್ತಾರೆ?
— ಓದುಗರೊಬ್ಬರು, ಮೈಸೂರು

ಉತ್ತರ: ಖಂಡಿತ ಹೋಗಿ. ಮುಂದಿನ ಭಾನುವಾರವೇ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ.

ನೀವು ಕೇಳಿಸಿಕೊಂಡದ್ದು ಬಾಖ್ ಎಂಬ ಸಂಗೀತ ರಚನೆಕಾರನ ಕ್ಯಾಂಟಾಟಾ ಇರಬೇಕು. ಹಾಡುಗಾರರು, ಕೋರಸ್, ವಾದ್ಯಮೇಳ ಸೇರಿ ಹಾಡುವ ಕೃತಿ ಅದು, ಹೆಚ್ಚಿನವು ಇಪ್ಪತ್ತು ನಿಮಿಷದ ಆಸುಪಾಸು. ಬಾಖ್ 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೆ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಚರ್ಚುಗಳ ಸಂಗೀತ ನೋಡಿಕೊಳ್ಳುತ್ತಿದ್ದ. ಮೊದಲ ಕೆಲವು ವರ್ಷವಂತೂ ಹೆಚ್ಚುಕಡಿಮೆ ವಾರಕ್ಕೊಂದರಂತೆ ಬರೆದ. ಆ ಭಾನುವಾರ ಓದುವ ಬೈಬಲ್ ಭಾಗಕ್ಕೆ ಹೊಂದುವ ಹಾಗೆ ಬರೆಯಬೇಕು, ಕಲಿಸಬೇಕು, ಹಾಡಿಸಬೇಕು, ಮತ್ತೆ ಮುಂದಿನ ವಾರದ್ದು. ಹಾಗೆ ಬರೆದವುಗಳಲ್ಲಿ ಸುಮಾರು 200 ನಮಗೆ ಉಳಿದಿವೆ. ಈಗ ಅವನ್ನು ಕೇಳಬೇಕೆಂದರೆ ಸಾಮಾನ್ಯವಾಗಿ ದೊಡ್ಡ ಸಭಾಂಗಣಕ್ಕೆ ಟಿಕೆಟ್ ತಗೊಂಡು ಹೋಗಬೇಕು.

1970ರಲ್ಲಿ ಕ್ರೇಗ್ ಸ್ಮಿತ್ ಎಂಬ 23ರ ಹುಡುಗ ಇದನ್ನು ತಿರುಗಿಸಿದ. ಭಾನುವಾರಕ್ಕೆಂದು ಹುಟ್ಟಿದ ಸಂಗೀತ ಭಾನುವಾರದ ಪೂಜೆಯೊಳಗೇ ಇರಲಿ ಎಂದು ಎಮ್ಯಾನುಯೆಲ್ ಮ್ಯೂಸಿಕ್ ಎಂಬ ಸಂಸ್ಥೆ ಕಟ್ಟಿ, ಎಲ್ಲ ಕ್ಯಾಂಟಾಟಾಗಳನ್ನೂ ಸರದಿಯಂತೆ ಹಾಡಿಸುತ್ತಾ ಬಂದ. ಅವನು 2007ರಲ್ಲಿ ತೀರಿಕೊಂಡ, ಕೆಲಸ ನಿಲ್ಲಲಿಲ್ಲ. ಸೆಪ್ಟೆಂಬರ್‌ನಿಂದ ಮೇವರೆಗೆ ಭಾನುವಾರಗಳಲ್ಲಿ ಈಗಲೂ ನಡೆಯುತ್ತದೆ. ದುಬಾರಿ ಅಂಗಡಿಗಳೇ ಸಾಲಾಗಿರುವ ಬೀದಿಯಲ್ಲಿ ಇಂಥದ್ದಕ್ಕೆ ಒಂದು ಬಾಗಿಲು ತೆರೆದಿದೆ ಎನ್ನುವುದೇ ನನಗೆ ತುಂಬಾ ಖುಷಿ ಕೊಡುವ ವಿಷಯ.

ದುಡ್ಡಿನ ಮಾತು. ಅದು ಲಾಭಕ್ಕಾಗಿ ನಡೆಯುವ ಸಂಸ್ಥೆ ಅಲ್ಲ. ದಾನಿಗಳು ಕೊಡ್ತಾರೆ, ಸಂಜೆಯ ಬೇರೆ ಕಛೇರಿಗಳಿಗೆ ಟಿಕೆಟ್ ಇರುತ್ತೆ. ಪೂಜೆಯ ವೇಳೆ ಕಾಣಿಕೆ ತಟ್ಟೆ ಬಂದರೆ ಹಾಕಬೇಕೆಂಬ ಬಲವಂತವಿಲ್ಲ.

ಬೇರೆ ಧರ್ಮದವರು ಸುಮ್ನೆ ಕೂತು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಪ್ರಸಾದದಂತೆ ರೊಟ್ಟಿ, ವೈನ್ ಕೊಡುವಾಗ ಎದ್ದು ಹೋಗದೆ ನಿಮ್ಮ ಜಾಗದಲ್ಲೇ ಇರಬಹುದು. ಇನ್ನೊಂದು, ಪೂಜೆಯ ಮಧ್ಯೆ ಚಪ್ಪಾಳೆ ತಟ್ಟುವ ರೂಢಿ ಸಾಮಾನ್ಯವಾಗಿ ಇಲ್ಲ. ಪಕ್ಕದಲ್ಲೇ ಲಿಂಡ್ಸೆ ಚಾಪೆಲ್ ಎಂಬ ಪುಟ್ಟ ಪ್ರಾರ್ಥನಾ ಮಂದಿರವಿದೆ, ಅದನ್ನೂ ನೋಡಿ. 1915ರಲ್ಲಿ ಲುಸಿಟೇನಿಯಾ ಹಡಗು ಮುಳುಗಿದಾಗ ಸತ್ತ ಮಗಳ ನೆನಪಿಗೆ ತಂದೆತಾಯಿ ಕಟ್ಟಿಸಿದ್ದು.

ಭಾಷೆಯ ಚಿಂತೆ ನಿಮಗೆ ಯಾಕೆ? ತೆಲುಗು ಬಾರದೆಯೇ ತ್ಯಾಗರಾಜರ ಕೃತಿಗಳಿಗೆ ತಲೆದೂಗುವವರು ನಾವು, ಅಲ್ವಾ? ಅದೂ ನೀವು ಮೈಸೂರಿನವರು. ನಿಮ್ಮ ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿ ಎಂಬ ಪಾಶ್ಚಾತ್ಯ ಸಂಗೀತ ಸಂಸ್ಥೆಯ ಮೊದಲ ಅಧ್ಯಕ್ಷರಾಗಿದ್ದವರು.

ಹೋಗುವ ಮೊದಲು ಮನೆಯಲ್ಲೇ ಬಾಖ್‌ನ ಒಂದು ಕ್ಯಾಂಟಾಟಾ ಕೇಳಿ. ‘ಇಶ್ ಹಾಬೆ ಗೆನೂಗ್’, ಅಂದರೆ ‘ನನಗೆ ಇಷ್ಟು ಸಾಕು’. ಇದೇ ಎಮ್ಯಾನುಯೆಲ್‌ನ ವಾದ್ಯಮೇಳದ ಜೊತೆ ಲೊರೇನ್ ಹಂಟ್ ಲೀಬರ್ಸನ್ ಹಾಡಿದ ಧ್ವನಿಮುದ್ರಣ ಸಿಗುತ್ತದೆ. ಮೊದಲು ವಯೋಲಾ ನುಡಿಸುತ್ತಿದ್ದ ಆಕೆ ಹಾಡುಗಾರ್ತಿಯಾದ ಮೇಲೂ ಸ್ಮಿತ್ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರು. 2006ರಲ್ಲಿ ತೀರಿಕೊಂಡರು. ಬಾಖ್ ಇದನ್ನು 1727ರಲ್ಲಿ ಬರೆದ. ಸಿಮೆಯೋನ್ ಎಂಬ ಮುದುಕ ದೇವಾಲಯದಲ್ಲಿ ಹಸುಗೂಸು ಯೇಸುವನ್ನು ಕೈಗೆತ್ತಿಕೊಂಡು, ಕಾಣಬೇಕಾದ್ದನ್ನು ಕಂಡೆ, ಇನ್ನು ಕಣ್ಣು ಮುಚ್ಚಿದರೂ ಚಿಂತೆಯಿಲ್ಲ ಅನ್ನುವ ಸಂದರ್ಭ. ನಡುವೆ ಕಣ್ಣುಗಳನ್ನೇ ಕರೆದು ‘ಮಲಗಿ’ ಎನ್ನುವ ಹಾಡು ಬರುತ್ತದೆ, ಜೋಗುಳದ ಹಾಗೇ ಇದೆ. ಮೊಮ್ಮಗುವನ್ನು ಮಡಿಲಲ್ಲಿಟ್ಟುಕೊಂಡೇ ಕೇಳಿ.