ತೆರವಾದ ಕೋಣೆ, ತೆರವಾಗದ ಎಚ್ಚರ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಲೆಕ್ಕಪತ್ರದ ಕೆಲಸದಿಂದ ಅವಧಿಗೆ ಮೊದಲೇ ನಿವೃತ್ತಿ ಪಡೆದಿದ್ದ, ಐವತ್ತು ದಾಟಿದ ಮಹಿಳೆಯೊಬ್ಬರು ತಮ್ಮಲ್ಲಿ ಶಿಸ್ತೇ ಇಲ್ಲವೆಂಬ ದೂರು ಹೊತ್ತು ನನ್ನ ಬಳಿಗೆ ಬಂದರು. ಮನೆಯಲ್ಲಿ ಖಾಲಿಯಾಗಿದ್ದ ಕೋಣೆಯೊಂದನ್ನು ಅವರೂ ಪತಿಯೂ ಸೇರಿ ವ್ಯಾಯಾಮಕ್ಕೂ ಧ್ಯಾನಕ್ಕೂ ಒಪ್ಪುವಂತೆ ಸಜ್ಜುಗೊಳಿಸಿದ್ದರು. ಗೋಡೆಗೆ ತಿಳಿ ಬಣ್ಣ, ಟ್ರೆಡ್‌ಮಿಲ್, ಮ್ಯಾಟ್, ಮಂದ ಬೆಳಕಿನ ದೀಪ ಎಲ್ಲವೂ ಬಂದಿದ್ದವು. ಆದರೆ ಆಕೆ ಮಾತ್ರ ಅಲ್ಲಿ ಕೆಲವೇ ನಿಮಿಷ ಕೂತು, ಏನೋ ನೆನಪಾದವರಂತೆ ಎದ್ದು ಬರುತ್ತಿದ್ದರು. "ಇಷ್ಟೆಲ್ಲ ಖರ್ಚು ಮಾಡಿಸಿದ್ದೀನಿ ಮೇಡಂ, ಈಗ ಆ ಬಾಗಿಲು ನೋಡಿದ್ರೇನೇ ತಪ್ಪು ಮಾಡಿದ ಹಾಗನ್ನಿಸುತ್ತೆ" ಎಂದರು.

ಶಿಸ್ತಿನ ಮಾತನ್ನು ಬದಿಗಿಟ್ಟು, ನಾನು ಮೊದಲು ಖಿನ್ನತೆಯ ಲಕ್ಷಣಗಳನ್ನು ವಿಚಾರಿಸಿದೆ. ಹಿಂದಿನ ಎರಡು ವಾರಗಳ ಮನಸ್ಥಿತಿಯನ್ನು ಒಂಬತ್ತು ಪ್ರಶ್ನೆಗಳಲ್ಲಿ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಮುಂದಿನ ತಪಾಸಣೆ ಅಗತ್ಯವೆಂದು ಪರಿಗಣಿಸುವುದು ವಾಡಿಕೆ. ಇವರ ಅಂಕ ಅದಕ್ಕಿಂತ ಕಡಿಮೆಯಿತ್ತು, ಬದುಕು ಬೇಡವೆನ್ನುವ ಆಲೋಚನೆಯೂ ಇರಲಿಲ್ಲ. ನಿದ್ರೆ ಮಾತ್ರ ತುಂಡುತುಂಡಾಗಿತ್ತು.

ಆ ಕೋಣೆಯಲ್ಲಿ ಮೊದಲು ಯಾರಿದ್ದರು ಎಂದು ಕೇಳಿದಾಗ ವಿಷಯ ಬೇರೆಯೇ ಆಯಿತು. ಹಾಸಿಗೆ ಹಿಡಿದಿದ್ದ ಅತ್ತೆಯವರನ್ನು ಹಲವು ವರ್ಷ ಆಕೆ ನೋಡಿಕೊಂಡದ್ದು ಅದೇ ಕೋಣೆಯಲ್ಲಿ. ರಾತ್ರಿ ಒಂದು ಕೆಮ್ಮು ಕೇಳಿಸಿದರೂ ಎದ್ದು ಹೋಗುವುದು ರೂಢಿಯಾಗಿತ್ತು. ಅವರು ತೀರಿಕೊಂಡ ಮೇಲೂ ಆ ಎಚ್ಚರ ಹೋಗಿರಲಿಲ್ಲ. ಕೋಣೆಯ ನಕ್ಷೆಯನ್ನು ಬರೆದು ತೋರಿಸಲು ಹೇಳಿದೆ. ಬರೆಯುತ್ತ ಬರೆಯುತ್ತ ಆಕೆಯೇ ತಡೆದು ನಿಂತರು: ಮಂಚದ ನಾಲ್ಕು ಕಾಲುಗಳು ನೆಲದ ಮೇಲೆ ಬಿಟ್ಟಿದ್ದ ಕಲೆಗಳ ನಡುವೆಯೇ ಅವರು ಮ್ಯಾಟ್ ಹಾಸುತ್ತಿದ್ದರು, ತಲೆಯನ್ನೂ ಅತ್ತೆಯವರು ಇಡುತ್ತಿದ್ದ ದಿಕ್ಕಿಗೇ ಇಡುತ್ತಿದ್ದರು. ನೆಲ ಒರೆಸಲು ಬಳಸುತ್ತಿದ್ದದ್ದು ಆಗಿನ ಫಿನಾಯಿಲೇ.

ನಿದ್ರಾಹೀನತೆಯ ಚಿಕಿತ್ಸೆಗೆ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ಮುಂದಿಟ್ಟ ವಿಧಾನದ ತಿರುಳೇನೆಂದರೆ, ಒಂದು ಜಾಗದಲ್ಲಿ ನಾವು ಪದೇಪದೇ ಯಾವ ಸ್ಥಿತಿಯಲ್ಲಿರುತ್ತೇವೆಯೋ ಆ ಸ್ಥಿತಿಯನ್ನು ಆ ಜಾಗವೇ ಮತ್ತೆ ಎಬ್ಬಿಸತೊಡಗುತ್ತದೆ. ಆದ್ದರಿಂದ ಹಾಸಿಗೆಯನ್ನು ಬಹುಮಟ್ಟಿಗೆ ನಿದ್ರೆಗೇ ಮೀಸಲಿಡಬೇಕು, ನಿದ್ರೆ ಬಾರದಿದ್ದರೆ ಹೊರಳಾಡುತ್ತ ಮಲಗಿರದೆ ಎದ್ದು ಬೇರೆಡೆಗೆ ಹೋಗಬೇಕು. ಅದು ನಿದ್ರೆಗಾಗಿ ರೂಪಿಸಿದ ವಿಧಾನ, ನಾನಿಲ್ಲಿ ಎರವಲು ಪಡೆದದ್ದು ಅದರ ತರ್ಕವನ್ನಷ್ಟೇ. ಎಚ್ಚರವಾಗಿರುವುದನ್ನು ವರ್ಷಗಟ್ಟಲೆ ಕಲಿಸಿದ ಕೋಣೆ, ಬಣ್ಣ ಬಳಿದ ಮಾತ್ರಕ್ಕೆ ವಿಶ್ರಾಂತಿಯನ್ನು ಕೊಡಲಾರದು. ಕ್ಷೇಮದ ಕೋಣೆಯೆಂದು ಜಾಹೀರಾತುಗಳು ತೋರಿಸುವ ಚಿತ್ರಗಳಲ್ಲಿ ಗಿಡ, ದೀಪ, ದಿಂಬುಗಳೆಲ್ಲ ಇರುತ್ತವೆ, ಆ ಕೋಣೆಗೊಂದು ಹಿಂದಿನ ಕಥೆ ಮಾತ್ರ ಇರುವುದಿಲ್ಲ. ಕೂತವರನ್ನು ಯಾರೂ ಕರೆಯುವುದೂ ಇಲ್ಲ.

ಹೀಗಾಗಿ ಹೊಸದಾಗಿ ಏನನ್ನೂ ಕೊಳ್ಳಬಾರದೆಂಬುದೇ ನನ್ನ ಮೊದಲ ಸಲಹೆಯಾಗಿತ್ತು. ಆರೈಕೆಯ ನೆನಪಿಲ್ಲದ ಜಾಗ ಮನೆಯಲ್ಲಿ ಯಾವುದಿದೆ ಎಂದು ಹುಡುಕಿದೆವು. ಮೆಟ್ಟಿಲು ತಿರುಗುವಲ್ಲಿ, ಮರವೊಂದು ಕಾಣುವ ಕಿಟಕಿಯ ಪಕ್ಕ, ಹಳೆಯ ಪತ್ರಿಕೆಗಳ ಕಟ್ಟು ಇಟ್ಟಿದ್ದ ಮೂಲೆ ಸಿಕ್ಕಿತು. ಜಾಗ ಚಿಕ್ಕದೆಂದು ಆಕೆ ಅನುಮಾನಿಸಿದರು. ಕಿಟಕಿಯ ಬೆಲೆಯನ್ನು ತಿಳಿಸಲು ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಹೇಳಿದೆ: ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳಲ್ಲಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಅವರಿಗೆ ತೀವ್ರ ನೋವುನಿವಾರಕಗಳೂ ಕಡಿಮೆ ಸಾಕಾದವು. ಅಧ್ಯಯನ ಸಣ್ಣದೇ, ಅದರಿಂದ ಬಹಳವನ್ನು ಹಿಂಡಬೇಕಾಗಿಲ್ಲ. ಕುರ್ಚಿಯನ್ನು ಗೋಡೆಯ ಬದಲು ಕಿಟಕಿಯ ಕಡೆ ತಿರುಗಿಸಲು ಅಷ್ಟು ಸಾಕು.

ದಿನವೂ ಒಂದೇ ಹೊತ್ತಿಗೆ ಹತ್ತು ನಿಮಿಷ ಅಲ್ಲಿ ಕೂರಬೇಕು, ಮೊಬೈಲ್ ಕೆಳಗೇ ಇರಬೇಕು. ಕಣ್ಣು ಮುಚ್ಚಿದರೆ ಕಿವಿ ಚುರುಕಾಗುತ್ತದೆಂದು ಆಕೆ ಹೇಳಿದ್ದರಿಂದ ಧ್ಯಾನದ ಬದಲು, ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ರೂಪಿಸಿದ ಸ್ನಾಯು ಸಡಿಲಿಕೆಯ ಕ್ರಮವನ್ನು ಹೇಳಿಕೊಟ್ಟೆ: ಕಣ್ಣು ತೆರೆದೇ ಅಂಗೈ ಬಿಗಿಹಿಡಿದು ಬಿಡುವುದು, ಭುಜ ಎತ್ತಿ ಇಳಿಸುವುದು, ಹೀಗೆ ಒಂದೊಂದೇ ಭಾಗ. ಚಡಪಡಿಕೆ ಹೆಚ್ಚಾದರೆ ಹಟ ಹಿಡಿದು ಕೂರದೆ ಎದ್ದು ಹೋಗಬೇಕು, ಇಲ್ಲದಿದ್ದರೆ ಹೊಸ ಜಾಗಕ್ಕೂ ಹಳೆಯ ಗುಣವೇ ಅಂಟಿಕೊಳ್ಳುತ್ತದೆ.

ಪತಿಯವರನ್ನೂ ಒಮ್ಮೆ ಕರೆಸಿಕೊಂಡೆ. ಟ್ರೆಡ್‌ಮಿಲ್ ದೂಳು ಹಿಡಿಯುತ್ತಿದೆಯೆಂಬುದು ಅವರ ಬೇಸರ. ಆದ ಖರ್ಚು ಆಗಿಹೋಯಿತು, ಅದನ್ನು ಸಾರ್ಥಕಪಡಿಸುವ ಹೊಣೆಯನ್ನು ಇವರ ಮೇಲೆ ಹೊರಿಸಿದರೆ ಆ ಕೋಣೆ ಮತ್ತೊಂದು ಸೇವೆಯ ಜಾಗವಾಗುತ್ತದೆ ಎಂದು ಸ್ಪಷ್ಟವಾಗಿಯೇ ಹೇಳಿದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಅದಕ್ಕೆ ಕೋಣೆಯೇ ಬೇಕೆಂದಿಲ್ಲ, ಹೊರಗೆ ನಡೆದರೂ ಆಯಿತು. ಯಂತ್ರವನ್ನು ಅವರೇ ಬಳಸಬಹುದು. ಪತ್ನಿ ಕಿಟಕಿಯ ಬಳಿ ಕೂತ ಆ ಹತ್ತು ನಿಮಿಷ ಕರೆಗಂಟೆಗೂ ಫೋನಿಗೂ ಓಗೊಡುವ ಜವಾಬ್ದಾರಿ ಅವರದು ಎಂದಾಗ, "ಅಷ್ಟೇನಾ?" ಎಂದು ನಕ್ಕರು. ಮೊದಲ ವಾರದಲ್ಲಿ ಅದು ಅಷ್ಟು ಸುಲಭವಾಗಲಿಲ್ಲವೆಂದು ಆಕೆಯೇ ನನಗೆ ವರದಿ ಮಾಡಿದರು.

ಹಳೆಯ ಕೋಣೆಯನ್ನು ಬೀಗ ಹಾಕಿ ಬಿಡಲು ನಾನು ಒಪ್ಪಲಿಲ್ಲ. ತಪ್ಪಿಸಿಕೊಂಡಷ್ಟೂ ಅಳುಕು ಬೆಳೆಯುತ್ತದೆ. ಫಿನಾಯಿಲ್ ಬದಲಾಯಿತು, ಓದುವ ಮೇಜನ್ನು ಕಲೆಗಳ ಮೇಲೆಯೇ ಇಡಲಾಯಿತು, ದಂಪತಿ ಸಂಜೆ ಅಲ್ಲಿ ಜೊತೆಯಾಗಿ ಕೂರತೊಡಗಿದರು. ಅಲ್ಲಿ ಒಬ್ಬರೇ ಇರಲು ಆಕೆಗೆ ಈಗಲೂ ಮನಸ್ಸಿಲ್ಲ, ನಾನೂ ಒತ್ತಾಯಿಸಿಲ್ಲ. ಮೆಟ್ಟಿಲ ಮೂಲೆಯ ಅಭ್ಯಾಸ ನೆಲೆಯೂರಿದೆ, ರಾತ್ರಿ ಎಚ್ಚರವಾಗುವುದು ಕಡಿಮೆಯಾಗಿದೆ. ಭೇಟಿಗಳ ಅಂತರವನ್ನು ಹೆಚ್ಚಿಸಿದ್ದೇನೆ; ನಿದ್ರೆ ಮತ್ತೆ ಕೆಟ್ಟು, ಜನರೊಡನೆ ಬೆರೆಯುವುದು ಬೇಡವೆನಿಸತೊಡಗಿದರೆ ಕಾಯದೆ ಮನೋವೈದ್ಯರನ್ನು ಕಾಣಬೇಕೆಂದು ಇಬ್ಬರಿಗೂ ತಿಳಿಸಿದ್ದೇನೆ.