ಅಕ್ಟೋಬರಿನಲ್ಲಿ ಇರವಿಕುಳಂ: ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಎಪ್ಪತ್ತು ದಾಟಿದ ಅಮ್ಮನ ಜೊತೆ ಬದಿಯಡ್ಕದಿಂದ ಅಕ್ಟೋಬರ್ ಕೊನೆಗೆ ಮೂನ್ನಾರಿನ ಇರವಿಕುಳಂ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬಹುದಾ, ನೀಲಕುರಿಂಜಿ ಹೂ ನೋಡಲು ಸಿಗುತ್ತದಾ ಎಂದು ಕೇಳಿದ್ದೀರಿ. ಧೈರ್ಯವಾಗಿ ಹೋಗಿ. ಕುರಿಂಜಿಯ ಆಸೆ ಮಾತ್ರ ಬಿಡಿ. ಅದು ಗುಡ್ಡ ತುಂಬ ಅರಳುವುದು 12 ವರ್ಷಕ್ಕೊಮ್ಮೆ. 2018ರಲ್ಲಿ ಅರಳಿತ್ತು, ಇನ್ನು 2030ಕ್ಕೆ.

ಯೋಚನೆ ಮಾಡಬೇಕಾದ್ದು ಮಳೆಯದ್ದು. ನಮ್ಮೂರಲ್ಲಿ ತುಲಾ ತಿಂಗಳು ಅಂದರೆ ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಕಳೆದ ಮೇಲೆ ಗುಡುಗು ಅಲ್ವಾ? ಅಲ್ಲೂ ಅದೇ ಕಥೆ, ಜೊತೆಗೆ ಮಂಜು ಬೇರೆ. ನಾನು ಹೋದಾಗ ಉದಾಸೀನ ಮಾಡಿ ಹನ್ನೆರಡು ಗಂಟೆಗೆ ಮೇಲೆ ಹೋದೆ. ಆನಮುಡಿ ಬೆಟ್ಟ ಬಿಡಿ, ಎದುರಿನ ಬೇಲಿಯೂ ಕಾಣಲಿಲ್ಲ! ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. 2,695 ಮೀಟರಿನ ಬೆಟ್ಟ ಆನೆಯ ತಲೆಯ ಹಾಗೆ ಸ್ಪಷ್ಟವಾಗಿ ನಿಂತಿತ್ತು. ದಾರಿ ಬದಿಯಲ್ಲೇ ವರಯಾಡು, ಅಂದರೆ ನೀಲಗಿರಿ ತಾರ್ ಎಂಬ ಕಾಡು ಆಡು, ಮರಿ ಕಟ್ಟಿಕೊಂಡು ಮೇಯುತ್ತಿತ್ತು. ನಮ್ಮನ್ನು ಕ್ಯಾರೇ ಅನ್ನಲಿಲ್ಲ. ಹತ್ತಿರ ಬಂತೆಂದು ಮುಟ್ಟಲು, ತಿನ್ನಲು ಕೊಡಲು ಹೋಗಬೇಡಿ.

ಸ್ವಂತ ಗಾಡಿಯನ್ನು ಕೆಳಗೇ ನಿಲ್ಲಿಸಬೇಕು. ಅಲ್ಲಿಂದ ಉದ್ಯಾನದೊಳಗಿನ ರಾಜಮಲೆಗೆ ಅರಣ್ಯ ಇಲಾಖೆಯ ಬಸ್ಸು. ಆಮೇಲೆ ಡಾಂಬರು ರಸ್ತೆಯಲ್ಲಿ ಏರು ನಡಿಗೆ. ಅಮ್ಮನಿಗೆ ಮೊಣಕಾಲು ನೋವಿದ್ದರೆ ಅರ್ಧಕ್ಕೇ ತಿರುಗಿ ಬನ್ನಿ, ನಷ್ಟವೇನೂ ಇಲ್ಲ. ತಾರ್ ಕೆಳಗೂ ಕಾಣುತ್ತದೆ. ಸ್ವೆಟರ್, ಕೊಡೆ ಎರಡೂ ಇರಲಿ.

ರೈಲಿನಲ್ಲಾದರೆ ಆಲುವದಲ್ಲಿ ಇಳಿಯಿರಿ. ಮುಂದೆ ಸುಮಾರು 110 ಕಿಲೋಮೀಟರ್ ಘಾಟಿ ರಸ್ತೆ, ತಿರುವು ಜಾಸ್ತಿ. ಅಮ್ಮನಿಗೆ ಮುಂದಿನ ಸೀಟು ಕೊಡಿ. ಪ್ರಯಾಣ ಫೆಬ್ರವರಿಗೆ ಮುಂದೆ ಹೋದರೆ ಮೊದಲೇ ವಿಚಾರಿಸಿ. ತಾರ್ ಮರಿ ಹಾಕುವ ಆ ಸಮಯದಲ್ಲಿ ಉದ್ಯಾನ ಮುಚ್ಚುತ್ತಾರೆ.