ಏರಿದ ಕೊಲೆಸ್ಟ್ರಾಲ್, ಸೋರುವ ಮೂತ್ರಪಿಂಡ: ಒಂದು ಆಪ್ತಸಲಹೆ ಪ್ರಕರಣ

ಗಂಡನಿಗೆ 47, ಹೆಂಡತಿಗೆ 41. ಉಡುಪಿ ಹತ್ತಿರದ ಊರಿನವರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಸುಧಾಕರಣ್ಣ, ವನಜಕ್ಕ ಎಂದು ಕರೆಯುತ್ತೇನೆ. ಮೂತ್ರಪಿಂಡ ತಜ್ಞರು ಬಯಾಪ್ಸಿ (ಮೂತ್ರಪಿಂಡದ ಚೂರು ತೆಗೆದು ಪರೀಕ್ಷಿಸುವುದು) ಆಗಲೇಬೇಕು ಎಂದಿದ್ದರು, ಸುಧಾಕರಣ್ಣ ಒಪ್ಪಿರಲಿಲ್ಲ. ಕೊಲೆಸ್ಟ್ರಾಲ್ ಮಾತ್ರೆಯನ್ನೂ ತಾವಾಗಿಯೇ ಬಿಟ್ಟಿದ್ದರು. ಹಾಗಾಗಿ ನನ್ನಲ್ಲಿಗೆ ಕಳಿಸಿದ್ದರು.

ರಿಪೋರ್ಟಿನಲ್ಲಿ ಒಟ್ಟು ಕೊಲೆಸ್ಟ್ರಾಲ್ 392. ರಕ್ತದ ಆಲ್ಬುಮಿನ್ ಎಂಬ ಪ್ರೋಟೀನ್ 2.1 ಗ್ರಾಂ, ಅದು 3.5ರ ಮೇಲಿರಬೇಕು. ಒಂದು ದಿನದ ಮೂತ್ರದಲ್ಲಿ 6 ಗ್ರಾಂ ಪ್ರೋಟೀನ್. ಕಾಲು ಬಾತಿತ್ತು, ಮೂತ್ರದಲ್ಲಿ ನೊರೆ. ಮೂತ್ರಪಿಂಡ ಎಷ್ಟು ಸೋಸುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ಮಾತ್ರ ಸರಿಯಾಗಿತ್ತು. ಆದರೆ ಮನೆಮಂದಿಯೆಲ್ಲ ಹಿಡಿದುಕೊಂಡದ್ದು ಆ 392 ಒಂದನ್ನೇ.

"ನಾನು ಕಾಯಿ ಅರೆದು ಅರೆದು ಹಾಕಿ ಮಗನಿಗೆ ಹೀಗಾಯ್ತು ಅಂತ ಅತ್ತೆ ಹೇಳ್ತಾರೆ ಮೇಡಂ. ಮೂರು ತಿಂಗಳಿಂದ ಪದಾರ್ಥಕ್ಕೆ ಕಾಯಿ ಹಾಕ್ಲೇ ಇಲ್ಲ. ಆದ್ರೂ ಇಳೀಲಿಲ್ಲ. ಇನ್ನು ಎಂತ ಬಿಡ್ಬೇಕು ನಾನು?" ಎಂದರು ವನಜಕ್ಕ. ಪಕ್ಕದಲ್ಲಿದ್ದ ಸುಧಾಕರಣ್ಣ ತಲೆ ಎತ್ತಲಿಲ್ಲ.

ಮನೆಯಲ್ಲಿ ಬೇರೇನು ಮದ್ದು ನಡೆಯುತ್ತಿದೆ ಎಂದು ಕೇಳಿದೆ. ಈ ಪ್ರಶ್ನೆಯನ್ನು ನಾನು ಯಾರಿಗೂ ಬಿಡುವುದಿಲ್ಲ. ಕೊಲೆಸ್ಟ್ರಾಲ್ ಇಳಿಯುತ್ತದೆ ಎಂದು ಯಾರೋ ಹೇಳಿದ್ದಕ್ಕೆ ದಿನಾ ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಲೋಟ ಬಿಂಬುಳಿ ಎಂಬ ಹುಳಿಕಾಯಿಯ ರಸ. ಹಿತ್ತಲಲ್ಲೇ ಮರ ಇದೆ, ಖರ್ಚಿಲ್ಲ. ಉಳಿದ ಮಾತೆಲ್ಲ ಬದಿಗಿಟ್ಟು, "ಅಣ್ಣ, ಇದು ಇವತ್ತಿಗೇ ನಿಲ್ಲಬೇಕು" ಎಂದೆ. ಬಿಂಬುಳಿಯಲ್ಲಿ ಆಕ್ಸಲೇಟ್ ಎಂಬ ಹರಳುಗಟ್ಟುವ ಅಂಶ ವಿಪರೀತ. ರಸವಾಗಿ ಕುಡಿದರೆ ಅದು ಮೂತ್ರಪಿಂಡದ ಸಣ್ಣ ನಳಿಕೆಗಳಲ್ಲಿ ಹರಳುಗಟ್ಟಿ ಕೂರುತ್ತದೆ. ಹೀಗೆ ಬಿಂಬುಳಿ ರಸ ಕುಡಿದು ಮೂತ್ರಪಿಂಡ ಕೆಡಿಸಿಕೊಂಡ ಕೇರಳದ 10 ಜನರ ವಿವರ 2013ರಲ್ಲಿ ಪ್ರಕಟವಾಗಿದೆ. ಅವರಲ್ಲಿ 7 ಮಂದಿಗೆ ಡಯಾಲಿಸಿಸ್ ಬೇಕಾಯಿತು. ದಾರೆಹುಳಿಯೂ (ಸ್ಟಾರ್ ಫ್ರೂಟ್) ಮೂತ್ರಪಿಂಡದ ತೊಂದರೆ ಇದ್ದವರಿಗೆ ಆಗದು. ಎಷ್ಟು ದಿನ ಕುಡಿದಿರಿ ಎಂಬುದನ್ನು ಡಾಕ್ಟರಿಗೆ ಹೇಳಿ, ಕ್ರಿಯಾಟಿನಿನ್ ಮತ್ತೊಮ್ಮೆ ನೋಡಿಸಿ ಎಂದು ಚೀಟಿಯಲ್ಲೇ ಬರೆದುಕೊಟ್ಟೆ.

ಆಮೇಲೆ 392ರ ಮಾತು. ಕೊಲೆಸ್ಟ್ರಾಲ್ ಹೆಚ್ಚಿನಂಶ ನಮ್ಮ ದೇಹದಲ್ಲೇ ತಯಾರಾಗುವಂಥದ್ದು, ಅದರಲ್ಲಿ ಯಕೃತ್ತಿನ ಪಾಲು ದೊಡ್ಡದು. ಸುಧಾಕರಣ್ಣನ ಮೂತ್ರಪಿಂಡದ ಜರಡಿ ಕಾಯಿಹಾಲು ಸೋಸುವ ಬಟ್ಟೆಯ ನೇಯ್ಗೆ ಸಡಿಲವಾದ ಹಾಗಾಗಿದೆ. ರಕ್ತದಲ್ಲಿ ಉಳಿಯಬೇಕಾದ ಆಲ್ಬುಮಿನ್ ಮೂತ್ರಕ್ಕೆ ಇಳಿಯುತ್ತಿದೆ. ಆ ಕೊರತೆ ತುಂಬಲು ಹೊರಟ ಯಕೃತ್ತು ಆಲ್ಬುಮಿನ್ ಜೊತೆಗೆ ಕೊಬ್ಬು ಹೊರುವ ಕಣಗಳನ್ನೂ ಹೆಚ್ಚು ಮಾಡುತ್ತದೆ. ಅತ್ತ ಅವನ್ನು ರಕ್ತದಿಂದ ತೆಗೆಯುವ ಕೆಲಸವೂ ನಿಧಾನವಾಗುತ್ತದೆ: ಕೊಬ್ಬು ಒಡೆಯುವ ಕಿಣ್ವ ಮಂದವಾಗುತ್ತದೆ, ಎಲ್‌ಡಿಎಲ್ ಎಂಬ ಕೊಲೆಸ್ಟ್ರಾಲ್ ಕಣವನ್ನು ಹಿಡಿದು ಒಳಗೆಳೆಯುವ ಯಕೃತ್ತಿನ ಗ್ರಾಹಿಗಳು ಕಡಿಮೆಯಾಗುತ್ತವೆ. ನೆಫ್ರೋಟಿಕ್ ಸಿಂಡ್ರೋಮ್ ಎನ್ನುವುದು ಇದನ್ನೇ. ಸೋರಿಕೆ ನಿಲ್ಲದೆ ಬರೀ ಪಥ್ಯದಿಂದ ಈ ಸಂಖ್ಯೆ ಸರಿಯಾಗದು.

"ಹಾಗಾದ್ರೆ ಕಾಯಿ ಅಲ್ವಾ?" ವನಜಕ್ಕ ಎರಡು ಸಲ ಕೇಳಿದರು. ಅಲ್ಲ ಅಕ್ಕ. ಕಾಯಿ, ಕೊಬ್ಬರಿ ಎಣ್ಣೆ ಮಿತಿಯಲ್ಲಿರಲಿ, ಆದರೆ ಈ ರೋಗ ನಿಮ್ಮ ಅಡುಗೆಮನೆಯಲ್ಲಿ ಹುಟ್ಟಿದ್ದಲ್ಲ. ಇದನ್ನು ನಿಮ್ಮ ಅಮ್ಮನ ಮುಂದೆ ಹೇಳಬೇಕಾದವರು ನೀವು ಎಂದು ಸುಧಾಕರಣ್ಣನಿಗೆ ನೇರವಾಗಿಯೇ ಹೇಳಿದೆ. ರೋಗಿಗೆ ಸಿಟ್ಟು ಬರುವುದು ಸಹಜ, ಅದನ್ನು ಹೆಂಡತಿಯ ತಲೆಗೆ ಕಟ್ಟುವುದನ್ನು ನಾನು ಒಪ್ಪಲಾರೆ.

ಬಯಾಪ್ಸಿ ಬೇಡ ಎನ್ನುವುದರ ಹಿಂದೆ ಡಯಾಲಿಸಿಸ್‌ನಲ್ಲಿದ್ದು ತೀರಿಕೊಂಡ ಸೋದರಮಾವನ ನೆನಪಿತ್ತು. "ಸೂಜಿ ಹಾಕಿದ್ಮೇಲೇ ಮಾವ ಹಾಳಾದದ್ದು" ಎಂಬ ಮಾತು ಹೊರಬರಲು ಬಹಳ ಹೊತ್ತು ಹಿಡಿಯಿತು. ಆ ದುಃಖವನ್ನು ಪೂರ್ತಿ ಕೇಳಿಸಿಕೊಂಡ ಮೇಲೆ ವಿವರಿಸಿದೆ: ಬೋರಲು ಮಲಗಿಸಿ, ಆ ಜಾಗ ಮರಗಟ್ಟಿಸಿ, ಸ್ಕ್ಯಾನ್ ನೋಡುತ್ತ ತೆಳು ಸೂಜಿಯಿಂದ ಒಂದೆರಡು ಎಳೆ ತೆಗೆಯುತ್ತಾರೆ. ರಕ್ತಸ್ರಾವದ ಸಣ್ಣ ಅಪಾಯ ಇದೆ, ಅದಕ್ಕೇ ಆಮೇಲೆ ಮಲಗಿಸಿ ನಿಗಾ ಇಡುತ್ತಾರೆ. ಸೋರಿಕೆಗೆ ಕಾರಣ ಹಲವು, ಒಂದೊಂದಕ್ಕೂ ಔಷಧ ಬೇರೆ. ಯಾವುದೆಂದು ತಿಳಿಯದೆ ಕೊಡುವುದು ಹೇಗೆ?

ಕೊಲೆಸ್ಟ್ರಾಲ್ ಮಾತ್ರೆಯೇ ಕಿಡ್ನಿ ಕೆಡಿಸಿತು ಎಂಬ ಸಂಶಯವೂ ಇತ್ತು. ನೊರೆ, ಬಾವು ಶುರುವಾದದ್ದು ಮಾತ್ರೆಗಿಂತ ಮೊದಲು ಎಂದು ಅವರ ಬಾಯಿಂದಲೇ ಬಂತು. ಮೂತ್ರಪಿಂಡ ಸೋತವರಲ್ಲಿ ಹೃದ್ರೋಗದ ಭಯ ಹೆಚ್ಚು. ಸುಮಾರು 9,000 ಮೂತ್ರಪಿಂಡ ರೋಗಿಗಳ ಮೇಲೆ ನಡೆದ ಶಾರ್ಪ್ ಅಧ್ಯಯನ 2011ರಲ್ಲಿ ತೋರಿಸಿದ್ದು, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ಎಜೆಟಿಮಿಬ್ ಮಾತ್ರೆಗಳನ್ನು ಒಟ್ಟಿಗೆ ಕೊಟ್ಟಾಗ ಹೃದಯಾಘಾತ, ಪಾರ್ಶ್ವವಾಯುವಿನಂಥ ಆಘಾತಗಳು 17% ಕಡಿಮೆಯಾದವು ಎಂದು. ಮೂತ್ರಪಿಂಡವನ್ನು ಅದು ಗುಣಪಡಿಸಲಿಲ್ಲ, ಅದನ್ನೂ ಮುಚ್ಚಿಡಲಿಲ್ಲ. ಮಾತ್ರೆ ಹೃದಯಕ್ಕೆ, ಬಿಡುವುದಿದ್ದರೆ ಡಾಕ್ಟರ್ ಹೇಳಿ ಬಿಡಬೇಕು.

ಊಟದಲ್ಲಿ ನಾನು ಪಟ್ಟುಹಿಡಿದದ್ದು ಉಪ್ಪಿಗೆ. ಗಂಜಿಯ ಜೊತೆ ಉಪ್ಪಿನಕಾಯಿ, ಒಣಮೀನು, ಹಪ್ಪಳ, ಮಳೆಗಾಲದ ಉಪ್ಪುಸೊಳೆ, ಇವೇ ಬಾವು ಹೆಚ್ಚಿಸುವಂಥವು. ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಒಳಗೆ. ಪ್ರೋಟೀನ್ ಹೋಗುತ್ತದೆಂದು ಮೊಟ್ಟೆ ತುರುಕುವುದು ಬೇಡ, ಮಾಮೂಲಿನಷ್ಟು ಸಾಕು. ಸೊಂಟನೋವಿಗೆ ಮೆಡಿಕಲಿನಿಂದ ತಾವೇ ತರುವ ಗುಳಿಗೆ ಬೇಡ. ಒಂದೇ ಕಾಲು ಬಾತು ನೋವಾದರೆ, ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ. ಈ ರೋಗದಲ್ಲಿ ರಕ್ತ ಹೆಪ್ಪುಗಟ್ಟುವುದುಂಟು.

ಬಯಾಪ್ಸಿಯಲ್ಲಿ ಮೆಂಬ್ರೇನಸ್ ನೆಫ್ರೋಪತಿ (ಮೂತ್ರಪಿಂಡದ ಜರಡಿಯ ಪೊರೆ ಕೆಡುವ ರೋಗ) ಎಂದು ಬಂತು. ಬಿಂಬುಳಿಯ ಹರಳು ಕಾಣಲಿಲ್ಲ. ಚಿಕಿತ್ಸೆ ನಡೆಯುತ್ತಿದೆ. ಮೂತ್ರದ ಪ್ರೋಟೀನ್ 1.4 ಗ್ರಾಂಗೆ ಇಳಿದಾಗ ಕೊಲೆಸ್ಟ್ರಾಲ್ 228 ಆಗಿತ್ತು, ಆ ಹೊತ್ತಿಗೆ ವನಜಕ್ಕ ಪದಾರ್ಥಕ್ಕೆ ಮತ್ತೆ ಕಾಯಿ ಹಾಕತೊಡಗಿದ್ದರು. ಅತ್ತೆ ಪೂರ್ತಿ ಒಪ್ಪಿಲ್ಲ. ಮುಂದಿನ ಸಲ ಅವರನ್ನೂ ಕರೆತರಲು ಹೇಳಿದ್ದೇನೆ.